ಹಳಬರ ಮಾತೇ ಮುಗಿಯದ ಮೀಟಿಂಗ್: ಕುಡಿತ ಬಿಟ್ಟವರ ಗುಂಪಿನಲ್ಲಿ ಎಲ್ಲರಿಗೂ ಸರದಿ ಸಿಗುವಂತೆ ಮಾಡುವ ಕ್ರಮ

ಒಂದೂವರೆ ಗಂಟೆಯ ಮೀಟಿಂಗ್, 14 ಜನ. ಆರಂಭದ ಓದು, ಸೂಚನೆಗಳು, ಕೊನೆಯ ಪ್ರಾರ್ಥನೆಗೆ 15 ನಿಮಿಷ ಹೋದರೆ ಉಳಿಯುವುದು 75. ಸಮನಾಗಿ ಹಂಚಿದರೆ ತಲೆಗೆ ಐದು ನಿಮಿಷಕ್ಕಿಂತ ತುಸು ಹೆಚ್ಚೇ ಸಿಗಬೇಕು. ಆದರೆ ಹತ್ತು ಹನ್ನೆರಡು ವರ್ಷದಿಂದ ಬರುತ್ತಿರುವ ಮೂವರು ತಲಾ 15 ನಿಮಿಷ ಮಾತಾಡಿಬಿಟ್ಟರೆ ಮಿಕ್ಕ 11 ಜನರಿಗೆ ಅರ್ಧ ಗಂಟೆ. ಒಬ್ಬೊಬ್ಬನಿಗೆ ಮೂರು ನಿಮಿಷವೂ ಇಲ್ಲ. ಆ ಮೂರು ನಿಮಿಷವಾದರೂ ಹೊಸಬನಿಗೆ ದಕ್ಕುತ್ತದೆಯೇ ಅಂದರೆ, ಅವನು ಕೈ ಎತ್ತುವ ಧೈರ್ಯ ಮಾಡುವಷ್ಟರಲ್ಲಿ ಕುರ್ಚಿ ಮಡಚುವ ಹೊತ್ತಾಗಿರುತ್ತದೆ.

ಇಲ್ಲಿ ಹೇಳುವುದು ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಲ್ಲರೂ ಕರೆಯುವ ಎ.ಎ. ಗುಂಪುಗಳಿಗೆ, ಮದ್ಯವರ್ಜನ ಶಿಬಿರ ಮುಗಿಸಿದ ಪಾನಮುಕ್ತರು ಊರಿನಲ್ಲಿ ಸೇರುವ ನವಜೀವನ ಸಮಿತಿಗಳಿಗೆ, ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಬಂದವರ ವಾರದ ಸಭೆಗಳಿಗೆ ಅನ್ವಯಿಸುತ್ತದೆ. ಎ.ಎ. ಹೆಂಗಸರಿಗೂ ತೆರೆದದ್ದೇ, ಆದರೂ ನಮ್ಮ ಊರುಗಳ ಬಹುಪಾಲು ಮೀಟಿಂಗುಗಳಲ್ಲಿ ಕೂತಿರುವವರು ಗಂಡಸರೇ. ಗಂಡಸರ ಗುಂಪಿಗೆ ತನ್ನದೇ ಒಂದು ಕಾಯಿಲೆ ಇದೆ: ನನಗೆ ನೋವಾಗಿದೆ ಎನ್ನುವುದಕ್ಕಿಂತ, ನೀನು ಹೀಗೆ ಮಾಡು ಎನ್ನುವುದು ನಮಗೆ ಸಲೀಸು. ಹಳಬರ ಭಾಷಣದಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಹೋಗುವುದು ಈ ಎರಡನೆಯದಕ್ಕೆ.

ಹಳಬರನ್ನು ಹೊರಗೆ ಕಳಿಸುವ ಯೋಚನೆ ಯಾರಿಗಾದರೂ ಇದ್ದರೆ ಈಗಲೇ ಬಿಡಿ. ಹತ್ತು ವರ್ಷ ಕುಡಿಯದೆ ಬದುಕಬಹುದು ಎನ್ನುವುದಕ್ಕೆ ಹೊಸಬನ ಕಣ್ಣೆದುರು ಇರುವ ಸಾಕ್ಷಿ ಆ ಹಳಬರೇ. ಬದಲಾಗಬೇಕಾದ್ದು ಮೀಟಿಂಗಿನ ಏರ್ಪಾಡು. ಸ್ವಭಾವ ತಿದ್ದಲು ಹೊರಟ ಗುಂಪುಗಳು ಜಗಳದಲ್ಲಿ ಮುಗಿಯುತ್ತವೆ.

ಮೊದಲು ಅಳೆಯಿರಿ

‘ಅವರು ಯಾವಾಗಲೂ ಮಾತಾಡ್ತಾನೇ ಇರ್ತಾರೆ’ ಎಂಬುದು ದೂರು. ‘ನಾಲ್ಕು ಮೀಟಿಂಗಿನಲ್ಲಿ ಸರಾಸರಿ 16 ನಿಮಿಷ’ ಎಂಬುದು ಲೆಕ್ಕ. ದೂರಿಗೆ ಎದುರು ದೂರು ಹುಟ್ಟುತ್ತದೆ, ಲೆಕ್ಕಕ್ಕೆ ಹುಟ್ಟುವುದು ಕಷ್ಟ. ಆದ್ದರಿಂದ ಸತತ ನಾಲ್ಕು ಮೀಟಿಂಗುಗಳಲ್ಲಿ ಒಬ್ಬರು ಫೋನಿನ ಸ್ಟಾಪ್‌ವಾಚ್ ಹಿಡಿದು ಸಮಯ ಬರೆದುಕೊಳ್ಳಲಿ. ಮೀಟಿಂಗ್ ನಡೆಸುವವರಿಗೆ ಇದು ಗೊತ್ತಿರಬೇಕು. ಕದ್ದು ಮಾಡಿದ ಲೆಕ್ಕ ಬಯಲಾದ ದಿನ ಗುಂಪಿನ ನಂಬಿಕೆಯೇ ಹೋಗುತ್ತದೆ.

ಹಾಳೆಯಲ್ಲಿ ಹೆಸರು ಬೇಡ, ಯಾರು ಏನು ಹೇಳಿದರೆಂಬುದೂ ಬೇಡ. ಗುಟ್ಟು ಕಾಯುವ ಜಾಗದಲ್ಲಿ ಬರೆದಿಟ್ಟ ಚೀಟಿ ಯಾರ ಕೈಗೆ ಸಿಗುತ್ತದೋ ಹೇಳಲಾಗದು. ಮೂರು ಕಾಲಂ ಸಾಕು: ಐದು ವರ್ಷ ದಾಟಿದವರು, ಆರು ತಿಂಗಳಿಂದ ಐದು ವರ್ಷದವರು, ಆರು ತಿಂಗಳೊಳಗಿನವರು. ಪ್ರತಿ ಮಾತಿಗೂ ನಿಮಿಷ ಬರೆಯಿರಿ. ಒಬ್ಬರ ಮಾತಿನ ನಡುವೆ ಇನ್ನೊಬ್ಬರು ಬಾಯಿ ಹಾಕಿದರೆ ಹಾಕಿದವರ ಕಾಲಂನಲ್ಲಿ ಒಂದು ಗೀಟು. ಬಾಯೇ ಬಿಡದೆ ಎದ್ದು ಹೋದ ಹೊಸಬರೆಷ್ಟು, ಮುಂದಿನ ವಾರ ಅವರಲ್ಲಿ ಬಂದವರೆಷ್ಟು ಎನ್ನುವುದನ್ನು ಕೆಳಗೆ ಬೇರೆಯಾಗಿ ಗುರುತಿಸಿ. ಕೊನೆಗೆ ಹೆಚ್ಚು ಉಪಯೋಗಕ್ಕೆ ಬರುವುದು ಈ ಕೆಳಗಿನ ಸಾಲೇ.

ಲೆಕ್ಕದಲ್ಲಿ ಸಿಗದ ಕೆಲವು ಗುರುತುಗಳೂ ಇವೆ. ಮಾತಾಡುವವನು ಇಡೀ ಗುಂಪನ್ನು ಬಿಟ್ಟು ಒಬ್ಬರ ಮುಖವನ್ನೇ ನೋಡುತ್ತಾ ಮಾತಾಡುವುದು. ಆ ಒಬ್ಬರು ತಲೆ ಆಡಿಸಿದರೆ ಮುಂದುವರಿಯುವುದು, ಹುಬ್ಬು ಗಂಟಿಕ್ಕಿದರೆ ಅಲ್ಲಿಗೇ ನಿಲ್ಲಿಸುವುದು. ‘ನಿನಗಿನ್ನೂ ಮೂರು ತಿಂಗಳು, ಆಮೇಲೆ ಗೊತ್ತಾಗತ್ತೆ ಬಿಡು’ ಎಂಬ ಮಾತು ಎಲ್ಲರಿಗೂ ಸಹಜವಾಗಿ ಕೇಳಿಸುವುದು. ಮೀಟಿಂಗ್ ಮುಗಿದ ಮೇಲೆ ಟೀ ಅಂಗಡಿ ಮುಂದೆ ನಿಜವಾದ ಮಾತು ಶುರುವಾಗುವುದು.

ಹಿಡಿತ ಎಲ್ಲಿದೆ ಎಂದು ಬೇರ್ಪಡಿಸಿ

ಒಬ್ಬರು ಉದ್ದುದ್ದ ಮಾತಾಡುತ್ತಾರೆ. ಅದಕ್ಕೆ ಗಡಿಯಾರ ಮದ್ದು. ಇನ್ನೊಬ್ಬರು ಕಡಿಮೆಯೇ ಮಾತಾಡುತ್ತಾರೆ, ಆದರೆ ಪ್ರತಿಯೊಬ್ಬನ ಮಾತಿಗೂ ಒಂದು ತೀರ್ಪು ಕೊಡುತ್ತಾರೆ. ಗಡಿಯಾರ ಇಟ್ಟರೆ ಇವರಿಗೆ ಏನೂ ಆಗುವುದಿಲ್ಲ. ಏಕೆಂದರೆ ಅವರ ತೀರ್ಪು 20 ಸೆಕೆಂಡಿನದು. ಮೂರನೆಯವರು ಮೀಟಿಂಗಿನಲ್ಲಿ ಮೌನವಾಗಿಯೇ ಇರಬಹುದು, ಆದರೆ ಕೋಣೆಯ ಬೀಗದ ಕೈ, ದುಡ್ಡಿನ ಡಬ್ಬಿ, ಹೊಸಬರು ಕರೆ ಮಾಡುವ ಫೋನ್ ನಂಬರು, ವಾಟ್ಸಾಪ್ ಗುಂಪಿನ ಅಡ್ಮಿನ್ ಪಟ್ಟ ಎಲ್ಲವೂ ಅವರ ಬಳಿ ಇರುತ್ತದೆ. ಮೂವರಲ್ಲಿ ಗುಂಪನ್ನು ಹೆಚ್ಚು ಗಟ್ಟಿಯಾಗಿ ಹಿಡಿದವರು ಇವರೇ, ದೂರು ಕಡಿಮೆ ಬರುವುದೂ ಇವರ ಮೇಲೆಯೇ.

ಈ ಹಿಡಿತ ಅವರು ಕಿತ್ತುಕೊಂಡದ್ದೇನೂ ಅಲ್ಲ. ಮಳೆಗಾಲದಲ್ಲಿ ಬಾಗಿಲು ತೆಗೆದು, ಕಸ ಗುಡಿಸಿ, ಟೀ ಕಾಸಿ, ಒಬ್ಬನೇ ಒಬ್ಬ ಬಂದ ದಿನವೂ ಮೀಟಿಂಗ್ ನಡೆಸಿದವರು ಅವರು. ಬೇರೆ ಯಾರೂ ಹೆಗಲು ಕೊಡದ ಕೆಲಸ ವರ್ಷಗಟ್ಟಲೆ ಮಾಡಿದರೆ ಅದು ಹಕ್ಕಾಗಿ ಬಿಡುತ್ತದೆ. ಇದರ ಜೊತೆಗೆ, ಕುಡಿತದ ದಿನಗಳಲ್ಲಿ ಮನೆಯಲ್ಲಿ ಕಳೆದುಕೊಂಡ ಮರ್ಯಾದೆ ಎಷ್ಟೋ ಜನರಿಗೆ ವಾಪಸು ಸಿಕ್ಕಿರುವುದು ಈ ಒಂದು ಕೋಣೆಯಲ್ಲಿ ಮಾತ್ರ. ಅದನ್ನು ಕಸಿಯುವ ಹಾಗೆ ಕಂಡರೆ ಅವರು ಬಿಟ್ಟುಕೊಡುವುದಿಲ್ಲ. ಹಾಗಾಗಿ ಒಂದು ಕೆಲಸ ತೆಗೆದುಕೊಳ್ಳುವಾಗ ಇನ್ನೊಂದು ಕೆಲಸ ಕೈಯಲ್ಲಿಟ್ಟೇ ತೆಗೆದುಕೊಳ್ಳಬೇಕು.

ನವಜೀವನ ಸಮಿತಿಯಂಥ ಹಳ್ಳಿ ಗುಂಪುಗಳಲ್ಲಿ ಇನ್ನೊಂದು ಪದರವಿದೆ. ಅಲ್ಲಿ ಎಲ್ಲರಿಗೂ ಎಲ್ಲರ ಪರಿಚಯ. ಹಿರಿಯ ಸದಸ್ಯರು ಹೊಸಬನಿಗೆ ಕೂಲಿ ಕೊಡುವವರಾಗಿರಬಹುದು, ಸಾಲ ಕೊಟ್ಟವರಾಗಿರಬಹುದು, ಸಂಬಂಧದಲ್ಲಿ ಮಾವನೋ ದೊಡ್ಡಪ್ಪನೋ ಆಗಿರಬಹುದು. ಅಂಥಲ್ಲಿ ಗಡಿಯಾರ ಒಂದರಿಂದಲೇ ಏನೂ ಸರಿಹೋಗದು. ಅಕ್ಕಪಕ್ಕದ ಊರಿನ ಸಮಿತಿಯ ಒಬ್ಬರನ್ನು ಮೂರು ತಿಂಗಳ ಮಟ್ಟಿಗೆ ಸಭೆ ನಡೆಸಲು ಕರೆಸಿಕೊಳ್ಳುವುದು ಉತ್ತಮ.

ಮುಂಚೆ ಖಾಸಗಿಯಾಗಿ ಹೇಳಿ

ಹಿರಿಯರಿಗೆ ಈ ವಿಷಯ ಮೊದಲ ಬಾರಿ ಎಲ್ಲರೆದುರು ಗೊತ್ತಾಗಬಾರದು. ಹೋಗುವವರು ಇಬ್ಬರಿರಲಿ: ಒಬ್ಬರು ಅವರು ಗೌರವಿಸುವ ಸಮಕಾಲೀನರು, ಇನ್ನೊಬ್ಬರು ಎರಡು ಮೂರು ವರ್ಷದ ಸದಸ್ಯರು. ನಾಲ್ಕೈದು ಜನ ಹೋದರೆ ನಿಯೋಗದಂತೆ ಕಾಣುತ್ತದೆ, ಒಬ್ಬರೇ ಹೋದರೆ ಆಮೇಲೆ ಮಾತು ತಿರುಚಿಕೊಳ್ಳುತ್ತದೆ. ಮೀಟಿಂಗ್ ದಿನ ಬೇಡ. ಅವರ ಮನೆಯೂ ಬೇಡ, ಹೆಂಡತಿ ಮಕ್ಕಳ ಕಿವಿಗೆ ಬಿದ್ದರೆ ಅವರು ಸೋಲೊಪ್ಪಲಾರರು. ಮಧ್ಯಾಹ್ನ ಖಾಲಿ ಇರುವ ಹೋಟೆಲಿನ ಮೂಲೆ ಅಥವಾ ಸಂಜೆಯ ವಾಕಿಂಗ್ ಸರಿ.

ಹೇಳಬೇಕಾದ್ದು ಇಷ್ಟೇ: ‘ಅಣ್ಣಾ, ಮುಂದಿನ ತಿಂಗಳ ಸಭೆಯಲ್ಲಿ ಮಾತಿನ ಸಮಯದ ವಿಷಯ ಇಡ್ತಿದೀವಿ. ಅಲ್ಲಿ ಗೊತ್ತಾಗೋದಕ್ಕಿಂತ ಮೊದಲೇ ನಿಮಗೆ ಹೇಳೋಣ ಅಂತ ಬಂದ್ವಿ. ನಾಲ್ಕು ವಾರ ಲೆಕ್ಕ ಇಟ್ಟಿದ್ವಿ. ಐದು ಜನ ಹೊಸಬರು ಬಂದಿದ್ರು, ಅವರಲ್ಲಿ ನಾಲ್ಕು ಜನಕ್ಕೆ ಬಾಯಿ ಬಿಡೋಕೆ ಹೊತ್ತೇ ಸಿಗಲಿಲ್ಲ. ನೀವು ಮುಂದೆ ನಿಂತು ಒಪ್ಪಿದ್ರೆ ಮಿಕ್ಕವರು ಒಪ್ತಾರೆ.’ ‘ಎಲ್ಲರೂ ನಿಮ್ಮ ಬಗ್ಗೆ ಹೀಗಂತಾರೆ’ ಎಂಬ ಮಾತು ಬಾಯಿಂದ ಜಾರಬಾರದು. ಜಾರಿದರೆ ಆ ಎಲ್ಲರೂ ಯಾರ್‍ಯಾರು ಎಂಬುದರ ಮೇಲೇ ಸಂಜೆ ಕಳೆಯುತ್ತದೆ.

ಮೂರು ಬಗೆಯ ಉತ್ತರಗಳು ಬರುತ್ತವೆ. ‘ಈ ಗುಂಪು ಕಟ್ಟಿದ್ದೇ ನಾನು’ ಅಂದರೆ, ಹೌದು ಎಂದು ಒಪ್ಪಿಕೊಳ್ಳಿ, ಅದು ನಿಜ. ಅದಕ್ಕೇ ಮೊದಲು ನಿಮ್ಮ ಹತ್ತಿರ ಬಂದದ್ದು ಎನ್ನಿ. ‘ಹೊಸಬರಿಗೆ ಯಾರು ಹೇಳಿಕೊಡ್ತಾರೆ?’ ಅಂದರೆ, ಅಲ್ಲೇ ಅವರ ಮುಂದಿನ ಕೆಲಸ ಇದೆ. ಅದಕ್ಕೆ ಕೆಳಗೆ ಬರುತ್ತೇವೆ. ‘ಹಾಗಾದ್ರೆ ನಾನು ಬರೋದೇ ಬಿಡ್ತೀನಿ’ ಎಂಬುದಕ್ಕೆ ಹೆದರಿ ಹಿಂದೆ ಸರಿಯಬೇಡಿ, ‘ಸರಿ’ ಅಂತಲೂ ಹೇಳಬೇಡಿ. ‘ನೀವು ಬರಬೇಕು. ಸಮಯದ ನಿಯಮವೂ ಇರಬೇಕು. ಎರಡೂ ಬೇಕು’ ಎಂದಷ್ಟೇ ಹೇಳಿ ಮಾತು ಮುಗಿಸಿ. ಆ ಹೊತ್ತಿನ ಮುನಿಸು ಎರಡು ವಾರದಲ್ಲಿ ಇಳಿಯುವುದೇ ಹೆಚ್ಚು.

ತೀರ್ಮಾನದ ಸಭೆ, ಚೀಟಿಯಲ್ಲಿ

ಇದನ್ನು ಮಾಮೂಲಿ ಮೀಟಿಂಗಿಗೆ ಅಂಟಿಸಬೇಡಿ. ಎರಡು ವಾರ ಮುಂಚೆ ತಿಳಿಸಿ, ಬೇರೆ ದಿನ ಅಥವಾ ಮೀಟಿಂಗಿಗೆ ಒಂದು ಗಂಟೆ ಮೊದಲು ಸೇರಿ. ವಿಷಯ ಒಂದೇ: ಮಾತಿನ ಸಮಯ ಮತ್ತು ಜವಾಬ್ದಾರಿಗಳ ಸರದಿ. ಕಡಿಮೆ ದಿನದವರಿಂದ ಶುರುಮಾಡಿ ಹಳಬರ ಕಡೆಗೆ ಬನ್ನಿ. ಹಿರಿಯರು ಮೊದಲು ಮಾತಾಡಿದರೆ ಮಿಕ್ಕವರು ಹೇಳುವುದು ‘ಅಣ್ಣ ಹೇಳಿದ್ದೇ ಸರಿ’ ಎಂದೇ.

ಕೈ ಎತ್ತಿಸಬೇಡಿ. ದೊಡ್ಡವರ ಎದುರು ಕೈ ಎತ್ತುವುದು ನಮ್ಮಲ್ಲಿ ಯಾರಿಗೂ ಆಗದು. ಚೀಟಿ ಹಂಚಿ, ‘ಬೇಕು’, ‘ಬೇಡ’ ಅಂತ ಬರೆಸಿ, ಇಬ್ಬರು ಎಣಿಸಲಿ. ಮೂರರಲ್ಲಿ ಎರಡು ಪಾಲು ಒಪ್ಪಿದರೆ ಮೂರು ತಿಂಗಳ ಪ್ರಯೋಗ ಎಂದು ಬರೆದುಕೊಳ್ಳಿ. ಶಾಶ್ವತ ನಿಯಮ ಅಂದರೆ ಎದೆ ಸೆಟೆದು ನಿಲ್ಲುವವರು, ಪ್ರಯೋಗ ಅಂದರೆ ‘ಆಗಲಿ, ನೋಡೋಣ’ ಅಂತಾರೆ.

ಎ.ಎ. ಗುಂಪುಗಳಿಗೆ ಇಲ್ಲೊಂದು ಅನುಕೂಲ ಇದೆ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಶುರುವಾದ ಈ ಕೂಟ ಹದಿನೈದು ವರ್ಷ ಇಂಥ ಜಗಳಗಳನ್ನೇ ಕಂಡು, 1950ರಲ್ಲಿ ಕ್ಲೀವ್‌ಲೆಂಡ್ ಸಮಾವೇಶದಲ್ಲಿ ಗುಂಪುಗಳು ಹೇಗೆ ನಡೆಯಬೇಕೆಂದು ಹೇಳುವ ಹನ್ನೆರಡು ಸಂಪ್ರದಾಯಗಳನ್ನು ಒಪ್ಪಿಕೊಂಡಿತು. ಎರಡನೆಯದು ಹೇಳುವುದು, ಗುಂಪಿನ ಮುಂದಾಳುಗಳು ನಂಬಿಕಸ್ಥ ಸೇವಕರು, ಆಳುವವರಲ್ಲ ಎಂದು. ನಿಮ್ಮ ಹಿರಿಯರಿಗೆ ಇದು ಬಾಯಿಪಾಠ ಇರುತ್ತದೆ. ಸಭೆಯ ಆರಂಭದಲ್ಲಿ ಈ ಸಾಲನ್ನು ಅವರಿಂದಲೇ ಓದಿಸಿ. ಇದರಲ್ಲಿ ಸ್ವಲ್ಪ ಕುತಂತ್ರ ಇದೆ, ಒಪ್ಪಿದೆವು, ಕೆಲಸಕ್ಕಂತೂ ಬರುತ್ತದೆ.

ಗಡಿಯಾರ, ಸರದಿ, ಕುರ್ಚಿ

ಸಮಯ ನಿಗದಿ ಹೀಗಿರಲಿ: ಎಂಟು ಜನದವರೆಗೆ ತಲಾ ಏಳು ನಿಮಿಷ, ಒಂಬತ್ತರಿಂದ ಹದಿಮೂರಕ್ಕೆ ಐದು, ಅದಕ್ಕೂ ಹೆಚ್ಚಿದ್ದರೆ ನಾಲ್ಕು. ಹದಿನೆಂಟು ದಾಟಿದರೆ ನಿಮಿಷ ಇನ್ನೂ ಕತ್ತರಿಸುವ ಬದಲು ಓದು ಮುಗಿದ ಮೇಲೆ ಎರಡು ವೃತ್ತ ಮಾಡಿ, ಹಳಬರನ್ನು ಎರಡೂ ಕಡೆ ಹಂಚಿ.

ಸಮಯ ನೋಡುವವರು ಬೇರೆ, ಮೀಟಿಂಗ್ ನಡೆಸುವವರು ಬೇರೆ. ಇಬ್ಬರ ಕೆಲಸವನ್ನೂ ಒಬ್ಬರೇ ಮಾಡಿದರೆ ಮೊಟಕು ಮಾಡಿದ ಸಿಟ್ಟೆಲ್ಲ ಅವರ ಮೇಲೆ ಬೀಳುತ್ತದೆ. ಒಂದು ನಿಮಿಷ ಉಳಿದಾಗ ಹಳದಿ ರಟ್ಟು ಎತ್ತುವುದು, ಮುಗಿದಾಗ ಕೆಂಪು. ಫೋನಿನ ಅಲಾರಂ ಬೇಡ. ಮಗ ಮಾತು ಬಿಟ್ಟಿದ್ದಾನೆ ಎಂದು ಒಬ್ಬ ಹೇಳುತ್ತಿರುವಾಗ ಕಿರ್ ಎಂದು ಸದ್ದಾದರೆ ಆತ ಮತ್ತೆ ಬರುವುದಿಲ್ಲ. ಕೆಂಪು ಎತ್ತಿದ ಮೇಲೂ ಅರ್ಧ ನಿಮಿಷ ಬಿಡಿ, ಆಮೇಲೆ ನಡೆಸುವವರು ‘ಥ್ಯಾಂಕ್ಯೂ ಅಣ್ಣಾ’ ಅಂದು ಮುಂದಿನವರ ಕಡೆ ತಿರುಗಲಿ. ಮೊದಲ ವಾರ ರಟ್ಟು ಮೊದಲು ಏಳಬೇಕಾದ್ದು ಮೀಟಿಂಗ್ ನಡೆಸುವವರ ಮಾತಿಗೇ.

ಕಣ್ಣೀರು ಹಾಕುತ್ತಿರುವವನಿಗೆ, ನಿನ್ನೆ ಕುಡಿದು ಇವತ್ತು ಬಂದವನಿಗೆ, ಮೊದಲ ಸಲ ಬಂದವನಿಗೆ ರಟ್ಟು ಬೇಡ. ಆದರೆ ಈ ವಿನಾಯಿತಿ ಹೇಳುವ ಅಧಿಕಾರ ನಡೆಸುವವರಿಗೆ ಮಾತ್ರ. ಇಲ್ಲವಾದರೆ ಒಂದೇ ತಿಂಗಳಲ್ಲಿ ಕೆಲವು ಹಳಬರಿಗೆ ವಾರವಾರವೂ ಸಂಕಟ ಬರತೊಡಗುತ್ತದೆ.

ಕೈ ಎತ್ತಿದವರಿಗೆ ಅವಕಾಶ ಎಂಬ ಪದ್ಧತಿ ನಿಲ್ಲಿಸಿ. ವೃತ್ತದಲ್ಲಿ ಸರದಿ ಸುತ್ತಲಿ, ಬೇಡದವರು ‘ಪಾಸ್’ ಅನ್ನಲಿ. ಸರದಿ ಎಲ್ಲಿಂದ ಶುರು ಎಂಬುದು ಪ್ರತಿ ವಾರ ಬದಲಾಗಲಿ. ಎಲ್ಲರ ಒಂದು ಸುತ್ತು ಮುಗಿಯುವವರೆಗೆ ಯಾರಿಗೂ ಎರಡನೇ ಸಲ ಇಲ್ಲ. ತೀರ್ಪು ಕೊಡುವವರಿಗೆ ಇರುವ ಮದ್ದು ಒಂದು ಸಾಲಿನ ನಿಯಮ, ಅದನ್ನು ಪ್ರತಿ ಮೀಟಿಂಗಿನ ಆರಂಭದಲ್ಲಿ ಓದಬೇಕು: ‘ಇನ್ನೊಬ್ಬರ ಮಾತಿಗೆ ಇಲ್ಲಿ ಉತ್ತರ ಕೊಡುವುದಿಲ್ಲ, ನಮ್ಮ ಅನುಭವ ಮಾತ್ರ ಹೇಳುತ್ತೇವೆ. ಸಲಹೆ ಇದ್ದರೆ ಮೀಟಿಂಗ್ ಮುಗಿದ ಮೇಲೆ, ಅವರ ಒಪ್ಪಿಗೆ ಕೇಳಿ ಹೇಳುತ್ತೇವೆ.’ ಯಾರಾದರೂ ಮೀರಿದರೆ ನಡೆಸುವವರು ವಾಕ್ಯದ ನಡುವೆಯೇ ತಡೆಯಲಿ. ಮುಗಿಯಲಿ ಎಂದು ಕಾದರೆ ಹೊಸಬನಿಗೆ ಬೀಳಬೇಕಾದ ಪೆಟ್ಟು ಬಿದ್ದಾಗಿರುತ್ತದೆ.

ಕುರ್ಚಿಗಳು ಸಾಲಾಗಿದ್ದರೆ ವೃತ್ತಕ್ಕೆ ತನ್ನಿ, ಮೇಜು ಗೋಡೆಗೆ ಸರಿಸಿ. ಬಾಗಿಲಿಗೆ ಎದುರಾಗಿ, ಒಳಬರುವ ಪ್ರತಿಯೊಬ್ಬನನ್ನೂ ಅಳೆಯುವ ಒಂದು ಕುರ್ಚಿ ಸಾಮಾನ್ಯವಾಗಿ ಇರುತ್ತದೆ, ಅದರಲ್ಲಿ ಕೂರುವವರು ಯಾರೆಂದು ಎಲ್ಲರಿಗೂ ಗೊತ್ತು. ಆ ಜಾಗದಲ್ಲಿ ಟೀ ಮೇಜು ಇಡಿ.

ಬೀಗದ ಕೈ, ಹಣ, ಫೋನು

ಬೀಗದ ಕೈ ಎರಡು ಜೊತೆ ಮಾಡಿಸಿ, ಬೇರೆ ಬೇರೆ ಓಣಿಯ ಇಬ್ಬರ ಬಳಿ ಇರಲಿ. ಮೀಟಿಂಗ್ ನಡೆಸುವ ಸರದಿ ತಿಂಗಳಿಗೊಮ್ಮೆ ಬದಲಾಗಲಿ, ಮುಂದಿನ ಮೂರು ತಿಂಗಳ ಹೆಸರು ಮೊದಲೇ ಗೊತ್ತಿರಲಿ. ಆರಂಭದಿಂದ ಕೊನೆಯವರೆಗೆ ಏನು ಹೇಳಬೇಕೆಂದು ಒಂದೇ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಪ್ಲಾಸ್ಟಿಕ್ ಹಾಕಿಸಿ. ಆ ಪುಟ ಇಲ್ಲದ ಗುಂಪಿನಲ್ಲಿ ಹೊಸದಾಗಿ ನಡೆಸುವವನು ಎರಡು ನಿಮಿಷಕ್ಕೊಮ್ಮೆ ಹಿರಿಯರ ಕಡೆ ನೋಡುತ್ತಾನೆ, ಅಲ್ಲಿಗೆ ಸರದಿ ಹೆಸರಿಗೆ ಮಾತ್ರ. ಇದೇ ಕಾರಣಕ್ಕೆ ಹಿಂದೆ ನಡೆಸುತ್ತಿದ್ದವರು ಪಕ್ಕದ ಕುರ್ಚಿಯಲ್ಲಿ ಕೂರಬಾರದು, ವೃತ್ತದ ಆಚೆ ಬದಿಯಲ್ಲಿ ಕೂರಬೇಕು.

ಸಂಗ್ರಹದ ಹಣ ಅಂದೇ ಇಬ್ಬರು ಎಣಿಸಿ ಪುಸ್ತಕದಲ್ಲಿ ಬರೆದು ಸಹಿ ಹಾಕಲಿ, ತಿಂಗಳ ಕೊನೆಗೆ ಬಾಡಿಗೆ, ಟೀ, ಉಳಿಕೆ ಓದಿ ಹೇಳಲಿ. ಲೆಕ್ಕ ನೋಡುವವರು ವರ್ಷಕ್ಕೊಮ್ಮೆ ಬದಲಾಗಲಿ. ವಾಟ್ಸಾಪ್‌ನಲ್ಲಿ ಇಬ್ಬರು ಅಡ್ಮಿನ್, ಆರು ತಿಂಗಳಿಗೊಮ್ಮೆ ಬೇರೆಯವರು.

ಹೆಚ್ಚು ನಿಗಾ ಬೇಕಾದ್ದು ಫೋನ್ ನಂಬರಿನ ಬಗ್ಗೆ. ಆಸ್ಪತ್ರೆಯ ಗೋಡೆಯಲ್ಲಿ, ಕರಪತ್ರದಲ್ಲಿ ಒಬ್ಬರ ಸ್ವಂತ ನಂಬರು ಇದ್ದರೆ, ಬರುವ ಪ್ರತಿ ಹೊಸಬನೂ ಮೀಟಿಂಗಿಗೆ ಕಾಲಿಡುವ ಮೊದಲೇ ಅವರ ಶಿಷ್ಯನಾಗಿರುತ್ತಾನೆ. ಗುಂಪಿನ ಹೆಸರಿಗೆ ಒಂದು ಸಿಮ್, ಒಂದು ಸಾದಾ ಫೋನ್ ತೆಗೆದುಕೊಳ್ಳಿ. ವಾರಕ್ಕೊಬ್ಬರ ಬಳಿ ಇರಲಿ. ಹಳೆಯ ನಂಬರಿನ ಕರಪತ್ರಗಳನ್ನು ಹುಡುಕಿ ತೆಗೆಯುವ ಕೆಲಸಕ್ಕೆ ಒಂದು ತಿಂಗಳಾದರೂ ಬೇಕು. ಹಾಗೆಯೇ ಒಬ್ಬರು ಏಕಕಾಲಕ್ಕೆ ಮೂವರಿಗಿಂತ ಹೆಚ್ಚು ಹೊಸಬರಿಗೆ ಸ್ಪಾನ್ಸರ್, ಅಂದರೆ ಬೆನ್ನಿಗೆ ನಿಂತು ದಾರಿ ತೋರುವ ಹಳಬ, ಆಗದಿರುವುದು ಒಳ್ಳೆಯದು.

ಈಗ ಹಿರಿಯರಿಗೆ ಕೊಡುವ ಕೆಲಸ. ಸುಮ್ಮನೆ ‘ಮಾರ್ಗದರ್ಶಕರು’ ಎಂಬ ಪಟ್ಟ ಕೊಟ್ಟರೆ ಅವರಿಗೂ ಅದು ಪೊಳ್ಳು ಎಂದು ಗೊತ್ತಾಗುತ್ತದೆ. ಜಿಲ್ಲಾ ಆಸ್ಪತ್ರೆಯ ವಾರ್ಡಿಗೆ ವಾರಕ್ಕೊಮ್ಮೆ ಹೋಗಿ ದಾಖಲಾದವರೊಂದಿಗೆ ಕೂರುವುದು, ಮೀಟಿಂಗಿಗೆ 20 ನಿಮಿಷ ಮುಂಚೆ ಬಾಗಿಲಲ್ಲಿ ನಿಂತು ಹೊಸಬರನ್ನು ಕರೆದು ಕೂರಿಸುವುದು, ಡಾಕ್ಟರ ಹತ್ತಿರ ಒಬ್ಬನೇ ಹೋಗಲು ಹೆದರುವವನ ಜೊತೆ ಹೋಗುವುದು, ರಾತ್ರಿ ಹತ್ತರ ನಂತರದ ಕರೆ ತೆಗೆದುಕೊಳ್ಳುವುದು. ಇವುಗಳಲ್ಲಿ ಅವರ ಹತ್ತು ವರ್ಷದ ಅನುಭವ ಪೂರ್ತಿ ಖರ್ಚಾಗುತ್ತದೆ. ಕೇಳುವ ಕಿವಿಯೂ ಒಂದೇ ಇರುವುದರಿಂದ ಭಾಷಣಕ್ಕೆ ಎಡೆ ಕಡಿಮೆ.

ಮೂರು ತಿಂಗಳು ಕಾಯಬಾರದ ಒಂದು ವಿಷಯ

‘ಮಾತ್ರೆ ಎಲ್ಲ ಬಿಸಾಕು, ಮೀಟಿಂಗಿಗೆ ಬಂದ್ರೆ ಸಾಕು’ ಎಂದು ಯಾರಾದರೂ ಹಳಬರು ಹೊಸಬನಿಗೆ ಹೇಳಿದರೆ ಆ ಕ್ಷಣವೇ, ಎಲ್ಲರೆದುರೇ ತಡೆಯಿರಿ. ಇಲ್ಲಿ ಖಾಸಗಿ ಮಾತಿನ ಮರ್ಯಾದೆ ಅನ್ವಯಿಸದು. ದಿನವೂ ಹೆಚ್ಚು ಕುಡಿಯುತ್ತಿದ್ದವನು ಮಾತ್ರೆಯ ಆಸರೆಯಿಲ್ಲದೆ ಕುಡಿತವನ್ನು ಏಕಾಏಕಿ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ವಿಪರೀತ ನಡುಕ, ಜ್ವರ, ಇಲ್ಲದ್ದು ಕಾಣುವುದು, ಜಾಗ ಜನ ಗೊತ್ತಾಗದಿರುವುದು ಶುರುವಾದರೆ ಪ್ರಾಣಕ್ಕೇ ಅಪಾಯ. ಅದು ಆಸ್ಪತ್ರೆಯ ಕೆಲಸ. ಖಿನ್ನತೆಗೋ ಬೇರೆ ಮಾನಸಿಕ ಕಾಯಿಲೆಗೋ ಮಾತ್ರೆ ತೆಗೆದುಕೊಳ್ಳುವವನು ಡಾಕ್ಟರನ್ನು ಕೇಳದೆ ನಿಲ್ಲಿಸುವುದೂ ಅಷ್ಟೇ ಕೆಟ್ಟದ್ದು. ಸದಸ್ಯರು ಯಾರೂ ಡಾಕ್ಟರ ಪಾತ್ರ ವಹಿಸಬಾರದೆಂದು ಎ.ಎ.ಯೇ ಹೇಳುತ್ತದೆ. ಮೀಟಿಂಗಿನ ಗೋಡೆಯಲ್ಲಿ ಹತ್ತಿರದ ಸರ್ಕಾರಿ ಆಸ್ಪತ್ರೆಯ ಮನೋವೈದ್ಯ ವಿಭಾಗದ ವಿಳಾಸ, ಟೆಲಿ ಮಾನಸ್ ಸಹಾಯವಾಣಿ 14416 ಬರೆದಿಡಿ.

ಸಾಲ ಕೊಟ್ಟು ಹಿಡಿತ ಸಾಧಿಸುವುದು, ಮೀಟಿಂಗಿನಲ್ಲಿ ಕೇಳಿದ್ದನ್ನು ಹೊರಗೆ ಹೇಳುವುದು, ಬೆದರಿಸುವುದು ಕೂಡ ಇದೇ ಸಾಲಿಗೆ ಸೇರುತ್ತವೆ. ಇಂಥದ್ದು ಮಾಡಿದವರಿಗೆ ಮುಂದಿನ ತೀರ್ಮಾನ ಸಭೆಯವರೆಗೆ ದೂರ ಇರುವಂತೆ ಹೇಳುವ ಹಕ್ಕು ಗುಂಪಿಗಿದೆ.

ಬಿಟ್ಟು ಹೋದರೆ, ಉಳಿದರೆ

ಹಿರಿಯರು ಸಿಟ್ಟಿನಲ್ಲಿ ಒಂದು ವಾರ ಬರದಿದ್ದರೆ ಮೂರು ದಿನದೊಳಗೆ ಒಬ್ಬರು ಫೋನ್ ಮಾಡಲಿ. ವಾದ ಬೇಡ, ಆರೋಗ್ಯ ವಿಚಾರಿಸಿ, ಮೀಟಿಂಗ್ ಯಾವತ್ತು ಎಂದು ನೆನಪಿಸಿ. ಎರಡು ವಾರದ ಮೇಲೆ ಇನ್ನೊಬ್ಬರು ಮಾಡಲಿ. ಎಷ್ಟೇ ವರ್ಷದ ಹಳಬರಾದರೂ ಗುಂಪು ತಪ್ಪಿದ ಮೊದಲ ತಿಂಗಳುಗಳು ಸೂಕ್ಷ್ಮ. ಬೇರೆ ಬಡಾವಣೆಯಲ್ಲಿ ತಮ್ಮದೇ ಮೀಟಿಂಗ್ ಶುರು ಮಾಡಿದರೆ ಕೊರಗಬೇಡಿ, ಕುರ್ಚಿ ಬೇಕಿದ್ದರೆ ಕೊಡಿ. ಹೊಸ ಗುಂಪು ಹುಟ್ಟಲು ಒಂದು ಕೆಟಲ್, ಒಂದು ಮುನಿಸು ಸಾಕು ಎಂಬುದು ಎ.ಎ.ಯಲ್ಲಿ ಹಳೆಯ ತಮಾಷೆ.

ಮೂರು ತಿಂಗಳಾದ ಮೇಲೆ ಅದೇ ಹಾಳೆ, ಅದೇ ಮೂರು ಕಾಲಂ, ಮತ್ತೆ ನಾಲ್ಕು ಮೀಟಿಂಗ್. ಆರು ತಿಂಗಳೊಳಗಿನವರ ನಿಮಿಷಗಳು ಹೆಚ್ಚಿವೆಯೇ, ಎರಡನೇ ವಾರ ಮರಳಿದ ಹೊಸಬರು ಹೆಚ್ಚಿದ್ದಾರೆಯೇ ನೋಡಿ. ನಿಮಿಷ ಸರಿಹೋಗಿ ಹೊಸಬರು ಮಾತ್ರ ಇನ್ನೂ ನಿಲ್ಲುತ್ತಿಲ್ಲವಾದರೆ ತೊಂದರೆ ಸಮಯದ್ದಾಗಿರಲಿಲ್ಲ. ಆರಂಭದ ಓದು ತೀರಾ ಉದ್ದವಿರಬಹುದು, ಮೀಟಿಂಗಿನ ಹೊತ್ತು ಕೊನೆಯ ಬಸ್ಸಿಗೆ ಹೊಂದದಿರಬಹುದು. ಬಿಟ್ಟುಹೋದವರಿಗೆ ಗುಂಪಿನ ಫೋನಿನಿಂದ ಕರೆ ಮಾಡಿ ಕೇಳಿ. ಇದೂ ಹಿರಿಯರಿಗೆ ಕೊಡಬಹುದಾದ ಕೆಲಸವೇ, ಆದರೆ ಮೊದಲ ಎರಡು ಕರೆಗಳಲ್ಲಿ ಪಕ್ಕದಲ್ಲಿ ಒಬ್ಬರು ಕೂತಿರಿ.